ಹಳೇ ಕ್ವಾಲಿಸ್‌ಗೆ ಯಾವ ಸ್ಟೇರಿಂಗ್ ಆಯಿಲ್? ಹಾಕಿ ನೋಡಿ ಹೇಳುತ್ತಿದ್ದೇನೆ

ಅವಸರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೇ ಟೊಯೊಟಾ ಕ್ವಾಲಿಸ್‌ನ ಪವರ್ ಸ್ಟೇರಿಂಗಿಗೆ ಡೆಕ್ಸ್‌ರಾನ್ 3 ದರ್ಜೆಯ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆಂದು ಮಾಡಿದ ಆಯಿಲ್) ಹಾಕಿ, ಸುಮ್ನಿರಿ. ಡೆಕ್ಸ್‌ರಾನ್ ಅಂದರೆ ಜನರಲ್ ಮೋಟಾರ್ಸ್ ಕಂಪನಿ ಇಟ್ಟ ಆಯಿಲ್ ದರ್ಜೆಯ ಹೆಸರು. ಪವರ್ ಸ್ಟೇರಿಂಗ್ ಫ್ಲೂಯಿಡ್ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಬಾಟಲಿ ಎರಡನೇ ಸ್ಥಾನ. ಎಂಜಿನ್ ಆಯಿಲ್, ಲೀಕ್ ನಿಲ್ಲಿಸುವ ಔಷಧಿ, ಇವೆರಡರ ಹತ್ತಿರವೂ ಹೋಗಬೇಡಿ. ಯಾಕೆ ಅಂತ ಕೇಳುವವರು ಮುಂದೆ ಓದಿ.

ನಮ್ಮದು 2003ರ ಡೀಸೆಲ್ ಕ್ವಾಲಿಸ್. ಬಿಡದಿಯಲ್ಲಿ 2000ರಿಂದ 2005ರವರೆಗೆ ತಯಾರಾದ ಗಾಡಿ, ಆಮೇಲೆ ಅದರ ಜಾಗಕ್ಕೆ ಇನ್ನೋವಾ ಬಂತು. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮದುವೆ ಸೀಸನ್ನಿನಲ್ಲಿ ಈಗಲೂ ಇವು ಜನ ತುಂಬಿಕೊಂಡು ಓಡುತ್ತವೆ. ಇದರ ಸ್ಟೇರಿಂಗ್ ಹೈಡ್ರಾಲಿಕ್. ಎಂಜಿನ್ ಬೆಲ್ಟ್ ಒಂದು ಪಂಪ್ ತಿರುಗಿಸುತ್ತದೆ, ಪಂಪ್ ಆಯಿಲನ್ನು ಒತ್ತಡದಲ್ಲಿ ಕಳಿಸುತ್ತದೆ, ಆ ಒತ್ತಡವೇ ನಿಮ್ಮ ಕೈಗೆ ಬಲ. ಹೊಸ ಆಲ್ಟೊ, ವ್ಯಾಗನಾರ್ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು. ಅದರಲ್ಲಿ ಕರೆಂಟ್ ಮೋಟಾರ್ ಇರುತ್ತದೆ, ಆಯಿಲ್ ಡಬ್ಬಿಯೇ ಇರುವುದಿಲ್ಲ.

ನಮ್ಮ ಕ್ವಾಲಿಸ್ ಕೈಗೆ ಬಂದಾಗ ಅದರ ಸ್ಟೇರಿಂಗ್ ಆಯಿಲ್ ಡಬ್ಬಿಯಲ್ಲಿ ಇದ್ದದ್ದು ಎಂಜಿನ್ ಆಯಿಲ್, 20ಡಬ್ಲ್ಯೂ-40. ಹಿಂದಿನವರು ಯಾವುದೋ ಗ್ಯಾರೇಜಿನಲ್ಲಿ ಹಾಕಿಸಿದ್ದರು. ನಾನು ಕೇಳಿದಾಗ ಆ ಮಿಸ್ತ್ರಿ ಹೇಳಿದ್ದು ಇಷ್ಟೇ, "ಅಣ್ಣಾರ, ಆಯಿಲ್ ಎಲ್ಲಾ ಒಂದ ರೀ, ಏನೂ ಆಗಂಗಿಲ್ಲ." ಆಗುತ್ತದೆ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಗಾಡಿ ಹಿಂದೆ ತೆಗೆಯುವಾಗ ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿ, ಜೊತೆಗೆ ಕುಂಯ್ ಅಂತ ಪಂಪಿನ ಗೋಳು, ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಸ್ವಲ್ಪ ಸರಿ ಹೋಗುತ್ತಿತ್ತು. ಕಾರಣ ದಪ್ಪ. 40 ಡಿಗ್ರಿ ಶಾಖದಲ್ಲಿ ಎಟಿಎಫ್‌ನ ದಪ್ಪ ಸಾಮಾನ್ಯವಾಗಿ 35 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪ ಅಳೆಯುವ ಲೆಕ್ಕ) ಆಸುಪಾಸು, 20ಡಬ್ಲ್ಯೂ-40 ಅದರ ಮೂರು ಪಟ್ಟು ಮೀರುತ್ತದೆ. ಚಳಿಯಲ್ಲಿ ಆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಪಂಪಿಗೆ ಬೇಕಾದಷ್ಟು ಆಯಿಲ್ ಹೊತ್ತಿಗೆ ಸರಿಯಾಗಿ ಬಂದು ಸೇರದಿದ್ದರೆ ಅದು ಕೂಗುತ್ತದೆ, ಒಳಗೆ ಸವೆಯುತ್ತದೆ. ದುಡ್ಡು ಉಳಿಯಿತು ಅಂತ ಅನ್ನಿಸುವುದು ಪಂಪ್ ಬದಲಿಸುವ ದಿನದವರೆಗೆ ಮಾತ್ರ.

ಅದನ್ನು ತೆಗೆಸಿ ಮೊದಲು ಹಾಕಿದ್ದು ಎಲ್ಲಾ ಗಾಡಿಗೂ ಆಗುತ್ತದೆ ಅನ್ನುವ ಪವರ್ ಸ್ಟೇರಿಂಗ್ ಬಾಟಲಿ. ಅರ್ಧ ಲೀಟರಿನ ಪ್ಯಾಕ್, ಬಣ್ಣ ತಿಳಿ ಹಳದಿ. ನಿಜ ಹೇಳಬೇಕೆಂದರೆ ಇದು ಕೆಟ್ಟದ್ದಲ್ಲ. ಬೆಳಗಿನ ಬಿಗಿ ಹೋಯಿತು, ಕೂಗು ಮುಕ್ಕಾಲು ಪಾಲು ನಿಂತಿತು. ಆದರೆ ಬೇಸಿಗೆಯಲ್ಲಿ ಅಣ್ಣಿಗೇರಿ ದಾಟಿ ಗದಗದವರೆಗೆ ಓಡಿಸಿ, ವಾಪಸ್ ಬಂದು ಹುಬ್ಬಳ್ಳಿಯ ದುರ್ಗದ ಬೈಲಿನ ಗಲ್ಲಿಯಲ್ಲಿ ಹಿಂದೆ ಮುಂದೆ ಮಾಡುತ್ತಾ ಪಾರ್ಕ್ ಮಾಡುವಾಗ ಮತ್ತೆ ಸಣ್ಣಗೆ ರಾಗ ತೆಗೆಯುತ್ತಿತ್ತು. ಇನ್ನೊಂದು ತೊಂದರೆ ನನಗೆ ಜಾಸ್ತಿ ತಲೆನೋವು ಕೊಟ್ಟಿತು. ಗಾಡಿ ಕೆಳಗೆ ಒಂದು ಹನಿ ಬಿದ್ದಿದ್ದರೆ ಅದು ಎಂಜಿನ್ನಿನದೋ ಸ್ಟೇರಿಂಗಿನದೋ ಗೊತ್ತಾಗುವುದಿಲ್ಲ. ಹಳದಿ ಆಯಿಲ್ ಧೂಳು ಸೇರಿದರೆ ಕಂದು, ಎಂಜಿನ್ ಆಯಿಲೂ ಅದೇ ಬಣ್ಣ. ಇಂಥ ಬಾಟಲಿ ತಗೊಳ್ಳುವುದೇ ಆದರೆ ಮುಂದಿನ ಲೇಬಲ್ ಬಿಡಿ, ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಅಲ್ಲಿ ಡೆಕ್ಸ್‌ರಾನ್ 2 ಅಥವಾ 3 ಅಂತ ಇಲ್ಲದಿದ್ದರೆ ಕ್ವಾಲಿಸ್‌ಗೆ ಬೇಡ.

ಈಗ ಕೆಂಪು ಎಟಿಎಫ್. ಇದು ಅಸಲಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್, ಹಾಗಾಗಿ ಅಂಗಡಿಯಲ್ಲಿ "ಸ್ಟೇರಿಂಗ್ ಆಯಿಲ್ ಕೊಡ್ರಿ" ಅಂದರೆ ಎಷ್ಟೋ ಸಲ ಇದನ್ನು ಕೊಡುವುದಿಲ್ಲ, ಎಟಿಎಫ್ ಅಂತಲೇ ಕೇಳಬೇಕು. ಆದರೆ ಎಟಿಎಫ್ ಅಂದರೂ ಒಂದೇ ಅಲ್ಲ, ಇಲ್ಲೇ ಜನ ಎಡವುವುದು. ನಮ್ಮ ಕಡೆ ಸುಲಭವಾಗಿ ಸಿಗುವುದು ಟೈಪ್ ಎ, ಸಫಿಕ್ಸ್ ಎ ಅನ್ನುವ ಹಳೇ ದರ್ಜೆ. ಜನರಲ್ ಮೋಟಾರ್ಸ್ 1950ರ ದಶಕದಲ್ಲಿ ಮಾಡಿದ್ದು. ಲಾರಿ, ಬಸ್ಸಿನವರು ಈಗಲೂ ಬಳಸುತ್ತಾರೆ. ಆಮೇಲೆ ಡೆಕ್ಸ್‌ರಾನ್ ಬಂತು, ಅದರಲ್ಲಿ ಡೆಕ್ಸ್‌ರಾನ್ 2 ಆದ ಮೇಲೆ 1993ರಲ್ಲಿ ಡೆಕ್ಸ್‌ರಾನ್ 3, 2005ರಲ್ಲಿ ಡೆಕ್ಸ್‌ರಾನ್ 6. ಟೊಯೊಟಾ ನಮ್ಮ ಗಾಡಿಗೆ ಹೇಳುವುದು 2 ಅಥವಾ 3.

ಟೈಪ್ ಎ ಹಾಕಿದಾಗ ಸ್ಟೇರಿಂಗ್ ಹಗುರ, ಸದ್ದಿಲ್ಲ, ಮೊದಲಿಗೆ ಖುಷಿಯೇ. ಆದರೆ ಒಂದು ಬೇಸಿಗೆ ಕಳೆದು ಮುಂಗಾರು ಶುರುವಾಗುವ ಹೊತ್ತಿಗೆ ಕೆಂಪು ಹೋಗಿ ಚಹಾದ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಿಡಿದರೆ ಸೀದ ವಾಸನೆ. ಹಳೇ ದರ್ಜೆಯ ಆಯಿಲ್ ಕಾವಿಗೆ ಬೇಗ ಸೋಲುತ್ತದೆ. ಡೆಕ್ಸ್‌ರಾನ್ 3 ಹಾಗಲ್ಲ, ಅದೇ ಗಾಡಿ, ಅದೇ ದಾರಿ, ಒಂದು ಬೇಸಿಗೆ ದಾಟಿದ ಮೇಲೂ ಬಿಳಿ ಬಟ್ಟೆಗೆ ಒರೆಸಿದರೆ ಕೆಂಪು ಕೆಂಪಾಗಿಯೇ ಕಾಣುತ್ತಿತ್ತು. ಚಳಿಯಲ್ಲಿ ಬಿಗಿ ಇಲ್ಲ, ಬಿಸಿಯಲ್ಲಿ ರಾಗ ಇಲ್ಲ. ಲೀಕ್ ಆದರೆ ಕೆಂಪು ಹನಿ ಕಣ್ಣಿಗೆ ಹೊಡೆಯುತ್ತದೆ. ಎರಡರ ಬೆಲೆಯ ವ್ಯತ್ಯಾಸ ಒಂದು ಹೊತ್ತಿನ ಊಟದ ಖರ್ಚನ್ನೂ ದಾಟುವುದಿಲ್ಲ, ಇದರಲ್ಲಿ ಚೌಕಾಶಿ ಯಾಕೆ?

ಒಂದು ಎಚ್ಚರಿಕೆ ಇದೆ. ಜನರಲ್ ಮೋಟಾರ್ಸ್ 2006ರ ಕೊನೆಗೆ ಡೆಕ್ಸ್‌ರಾನ್ 3ಕ್ಕೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಈಗ ಬಾಟಲಿ ಮೇಲೆ ಡೆಕ್ಸ್‌ರಾನ್ 3ಕ್ಕೆ ಸರಿಸಮ ಅಂತ ಇದ್ದರೆ ಅದು ಆ ಕಂಪನಿಯ ಸ್ವಂತ ಮಾತು. ಆದ್ದರಿಂದ ಹೆಸರಿಲ್ಲದ ಡಬ್ಬಿ ಬೇಡ, ನಾಲ್ಕು ಜನಕ್ಕೆ ಗೊತ್ತಿರುವ ಕಂಪನಿಯದ್ದೇ ಸೀಲ್ ನೋಡಿ ತಗೊಳ್ಳಿ. ಹೊಸದು ಅಂದ ಮಾತ್ರಕ್ಕೆ ಡೆಕ್ಸ್‌ರಾನ್ 6 ಮೇಲು ಅಂತ ಅಂಗಡಿಯವರು ಹೇಳಬಹುದು. ಅದು 3ಕ್ಕಿಂತ ತೆಳು. ಇಪ್ಪತ್ತು ವರ್ಷ ಸವೆದ ಪಂಪಿನಲ್ಲಿ ತೆಳು ಆಯಿಲ್ ಸಂದಿಯಲ್ಲಿ ಜಾರಿ ಹೋಗುತ್ತದೆ, ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಒತ್ತಡ ಸಾಲುವುದಿಲ್ಲ. ನಾನಂತೂ ಹಾಕುವುದಿಲ್ಲ.

ಲೀಕ್ ನಿಲ್ಲಿಸುವ ಔಷಧಿ ರಬ್ಬರ್ ಸೀಲನ್ನು ಉಬ್ಬಿಸುತ್ತದೆ, ಅಷ್ಟೇ ಅದರ ಕೆಲಸ. ಅದನ್ನು ಹಾಕಿದ ಮೇಲೆ ಒಂದು ಮಳೆಗಾಲ ಲೀಕ್ ನಿಂತಿತ್ತು, ಆಮೇಲೆ ಆಯಿಲ್ ಮೊದಲಿಗಿಂತ ಜಾಸ್ತಿ ಸುರಿಯಿತು. ಕೊನೆಗೆ ಸೀಲ್ ಕಿಟ್ಟೇ ಹಾಕಿಸಬೇಕಾಯಿತು.

ಇದೆಲ್ಲಾ ಕ್ವಾಲಿಸ್ ಮಾತು. ನಮ್ಮ ಭಾವನ ಹಳೇ ಹೋಂಡಾ ಸಿಟಿಗೆ ಈ ಕೆಂಪು ಆಯಿಲ್ ನಾನೇ ಬೇಡ ಅಂದೆ, ಯಾಕೆಂದರೆ ಹೋಂಡಾ ತನ್ನದೇ ಸ್ಟೇರಿಂಗ್ ಫ್ಲೂಯಿಡ್ ಕೇಳುತ್ತದೆ, ಡಬ್ಬಿ ಮುಚ್ಚಳದ ಮೇಲೇ ಬರೆದಿರುತ್ತದೆ. ಹಳೇ ಸ್ಕೋಡಾ ಆಕ್ಟೇವಿಯಾದಲ್ಲಿ ಹಸಿರು ಸಿಂಥೆಟಿಕ್ ಆಯಿಲ್ ಇರುತ್ತದೆ, ಬೆಲೆ ಎಟಿಎಫ್‌ನ ಹಲವು ಪಟ್ಟು, ಆದರೂ ಅದಕ್ಕೆ ಕೆಂಪು ಬೆರೆಸಲು ಹೋಗಬೇಡಿ. ಇನ್ನು ಬ್ರೇಕ್ ಆಯಿಲ್, ಡಾಟ್ 3 ಡಾಟ್ 4, ಇವು ಯಾವ ಗಾಡಿಯ ಸ್ಟೇರಿಂಗಿಗೂ ಅಲ್ಲವೇ ಅಲ್ಲ. ಅದು ಗ್ಲೈಕಾಲ್, ಸ್ಟೇರಿಂಗಿನ ರಬ್ಬರ್ ಸೀಲುಗಳು ಅದಕ್ಕೆ ತಡೆಯುವುದಿಲ್ಲ. ರಸ್ತೆ ಬದಿಯಲ್ಲಿ ಗಡಿಬಿಡಿಯಲ್ಲಿ ಇಂಥ ಅದಲು ಬದಲು ಆಗುತ್ತದೆ, ನೀವು ಪಕ್ಕದಲ್ಲೇ ನಿಂತಿರಿ.

ಬದಲಿಸುವ ರೀತಿಯೂ ಫಲಿತಾಂಶ ಬದಲಿಸುತ್ತದೆ. ಬರೀ ಡಬ್ಬಿಯಿಂದ ಹೀರಿ ಹೊಸದು ಸುರಿದರೆ ಪೈಪು, ಪಂಪಿನೊಳಗಿನ ಹಳೇದು ಹಾಗೇ ಉಳಿಯುತ್ತದೆ. ನಾವು ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಿಂದ ಡಬ್ಬಿ ಖಾಲಿ ಮಾಡಿ, ವಾಪಸ್ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, ಮುಂದಿನ ಚಕ್ರ ಎರಡೂ ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಬಂದ್ ಇಟ್ಟುಕೊಂಡೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ, ಮೇಲಿಂದ ಹೊಸದು ಸುರಿಯುತ್ತಾ ಹೋದೆವು, ಬರುವ ಆಯಿಲ್ ಕೆಂಪಾಗುವವರೆಗೆ. ಎರಡು ಲೀಟರ್ ತಂದಿಟ್ಟುಕೊಳ್ಳಿ, ತೊಳೆಯಲಿಕ್ಕೇ ಸುಮಾರು ಹೋಗುತ್ತದೆ. ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ಅದನ್ನೂ ನೋಡಿ, ನವಲಗುಂದ ಕಡೆಯ ಎರೆ ಮಣ್ಣಿನ ಧೂಳು ಮುಚ್ಚಳ ತೆಗೆದಾಗ ಒಳಗೆ ಇಳಿಯುತ್ತದೆ, ಮೊದಲು ಮುಚ್ಚಳದ ಸುತ್ತ ಒರೆಸಿಕೊಳ್ಳಬೇಕು. ಎಂಜಿನ್ ಶುರು ಮಾಡಿದ ಮೇಲೆ ಸ್ಟೇರಿಂಗನ್ನು ತುದಿಗೆ ಒತ್ತಿ ಹಿಡಿಯಬೇಡಿ, ಒಳಗೆ ಒತ್ತಡ ಏರಿ ಆಯಿಲ್ ಕುದಿಯುವಷ್ಟು ಕಾಯುತ್ತದೆ.

ಹೊಸ ಆಯಿಲ್ ಹಾಕಿದ ಮಾರನೇ ದಿನ ಮಟ್ಟ ಇಳಿದಿರುತ್ತದೆ, ಗಾಳಿ ಹೊರಗೆ ಹೋದ ಲೆಕ್ಕ ಅದು, ಗುರುತಿನವರೆಗೆ ತುಂಬಿಸಿ. ಆಮೇಲೂ ಡಬ್ಬಿಯಲ್ಲಿ ನೊರೆ ಬರುತ್ತಿದ್ದರೆ, ಕುಂಯ್ ಸದ್ದು ಇದ್ದರೆ, ಇನ್ನೊಂದು ಕಂಪನಿಯ ಬಾಟಲಿ ತರಲು ಓಡುವ ಮುಂಚೆ ಬೆಲ್ಟ್ ಸಡಿಲ ಇದೆಯಾ ನೋಡಿ, ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನ ಕ್ಲ್ಯಾಂಪ್ ಬಿಗಿ ಮಾಡಿ. ಅಲ್ಲಿ ಗಾಳಿ ಎಳೆಯುತ್ತಿದ್ದರೆ ಯಾವ ಆಯಿಲ್ ಹಾಕಿದರೂ ನೊರೆ ಬರುತ್ತದೆ.