ಹೃದಯ ಕಸಿ ಆದಮೇಲೆ ಬದುಕು ಹೇಗಿದೆ: ಯಾವುದರಿಂದ ಅಳೆಯೋಣ?

ಎಸ್‌ಎಫ್-36, ಇಕ್ಯೂ-5ಡಿ (ಎರಡೂ ಆರೋಗ್ಯ ಹೇಗಿದೆ ಎಂದು ರೋಗಿಯನ್ನೇ ಕೇಳುವ ಸಿದ್ಧ ಪ್ರಶ್ನಾವಳಿಗಳು), ಇಲ್ಲವೇ ರೋಗಿಯ ಜೊತೆ ಕೂತು ಮಾತು. ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಸಮಯದ ಲೆಕ್ಕದಲ್ಲಿ ಇಕ್ಯೂ-5ಡಿ ಹಗುರ. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ: ಐದೇ ವಿಷಯ. ಆ ದಿನದ ಆರೋಗ್ಯಕ್ಕೆ 0ಯಿಂದ 100ರೊಳಗೆ ರೋಗಿಯೇ ಅಂಕ ಕೊಡುತ್ತಾರೆ. ಪ್ರತಿ ಭೇಟಿಯಲ್ಲೂ ಕೇಳಬಹುದು. ಖರ್ಚಿಗೆ ತಕ್ಕ ಲಾಭ ಇದೆಯೇ ಎಂದು ನೋಡುವವರಿಗೂ ಇದೇ ಅನುಕೂಲ.

ಎಸ್‌ಎಫ್-36 ಉದ್ದ. 36 ಪ್ರಶ್ನೆ, ಎಂಟು ವಿಭಾಗ. ಸುಸ್ತು, ಜನರೊಡನೆ ಬೆರೆಯುವುದು, ಮನಸ್ಸಿನ ಸ್ಥಿತಿ ಬೇರೆಬೇರೆಯಾಗಿ ಕಾಣುತ್ತವೆ. ಕಸಿಗೆ ಮುಂಚಿನ ಸ್ಥಿತಿಯನ್ನು ಒಂದು ವರ್ಷದ ನಂತರದ್ದಕ್ಕೆ ಹೋಲಿಸಲು ನಾನು ಇದನ್ನೇ ಹಿಡಿಯುತ್ತೇನೆ.

ಆದರೆ ಎರಡೂ ಎಲ್ಲ ಕಾಯಿಲೆಗೂ ಅಂತ ಮಾಡಿದವು, ಅಲ್ವಾ? ಔಷಧಿಯಿಂದ ಕೈ ನಡುಗಿ ಅಂಗಿಯ ಗುಂಡಿ ಹಾಕಲಾಗದ ಸಂಕಟ, ಬಯಾಪ್ಸಿಯ (ಹೃದಯದ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಹಿಂದಿನ ರಾತ್ರಿಯ ಭಯ, ದೇಹ ಹೊಸ ಹೃದಯವನ್ನು ತಿರಸ್ಕರಿಸೀತೆಂಬ ಅಳುಕು, ತನಗಾಗಿ ಇನ್ನೊಬ್ಬರು ತೀರಿಕೊಂಡರೆಂಬ ಭಾರ. ಇವನ್ನು ಅಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ. ಅಂಕ ಚೆನ್ನಾಗಿದ್ದೂ ರೋಗಿ ಒಳಗೊಳಗೇ ಕುಗ್ಗಿರಬಹುದು. ಅಲ್ಲಿ ಮಾತೇ ಬೇಕು. ಸಮಯ ಜಾಸ್ತಿ ಹಿಡಿಯುತ್ತದೆ, ನೂರಾರು ಜನರನ್ನು ಹೋಲಿಸುವುದೂ ಕಷ್ಟ. ನಿಮ್ಮಲ್ಲಿ ರೋಗಿಗಳು ಕಡಿಮೆ ಇದ್ದರೆ, ಇಕ್ಯೂ-5ಡಿ ತುಂಬಿಸಿಕೊಂಡು ಹದಿನೈದು ನಿಮಿಷ ಅವರ ಮಾತು ಕೇಳಿ.