ಅಂಬಾಸಿಡರ್ ಮಡ್‌ಗಾರ್ಡ್: ಹೊಸದೋ, ಗುಜರಿಯದೋ?

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ದಾವಣಗೆರೆಯಲ್ಲಿ ಹಳೇ ಕಾರು ರಿಪೇರಿಗೆ ಎತ್ತಿಕೊಂಡವರಿಗೆ ಈಗ ಎರಡೇ ದಾರಿ. ಅದೇ ಅಚ್ಚಿನಂತೆ ಒತ್ತಿದ ಹೊಸ ಮಡ್‌ಗಾರ್ಡ್ (ಮುಂಚಕ್ರದ ಮೇಲಿನ ತಗಡು), ಇಲ್ಲವೇ ಗುಜರಿಯಲ್ಲಿ ಸಿಕ್ಕ ಕಂಪನಿಯ ಅಸಲಿ.

ಹೊಸದರಲ್ಲಿ ತುಕ್ಕು ಇರುವುದಿಲ್ಲ, ಅದೇ ದೊಡ್ಡ ಲಾಭ. ಗೋಳು ಶುರುವಾಗುವುದು ಕೂರಿಸುವಾಗ. ನಾನು ತಂದದ್ದು ಬಾಗಿಲ ಹತ್ತಿರ ಮೇಲೆ ಬೆರಳು ತೂರುವಷ್ಟು ಸಂದು ಬಿಟ್ಟಿತು, ಕೆಳಗೆ ಬಾಗಿಲಿಗೇ ಉಜ್ಜುತ್ತಿತ್ತು. ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಿದೆವು. ಅವತ್ತು ಬೆಣ್ಣೆದೋಸೆಗೂ ಬಿಡುವಾಗಲಿಲ್ಲ! ಮೇಲೆ ಬಳಿದು ಕೊಟ್ಟಿರುವ ಕಪ್ಪು ಬಣ್ಣವನ್ನು ಸುಮ್ನೆ ನಂಬಬೇಡಿ. ಕೆರೆದು ನೋಡಿ, ಸರಿಯಿಲ್ಲದಿದ್ದರೆ ತೆಗೆದು ಪ್ರೈಮರ್ ಹೊಡೆಸಿ.

ಗುಜರಿಯದು ಗುದ್ದಿಸಿಕೊಂಡಿರದಿದ್ದರೆ ಸಲೀಸಾಗಿ ಕೂರುತ್ತದೆ. ಆದರೆ ಹೆಡ್‌ಲೈಟ್ ಸುತ್ತ, ಕೆಳ ಅಂಚಿನಲ್ಲಿ ತುಕ್ಕು ಮುಚ್ಚಲು ಪುಟ್ಟಿ ಮೆತ್ತಿರಬಹುದು. ಬಟ್ಟೆ ಸುತ್ತಿದ ಆಯಸ್ಕಾಂತ ಆಡಿಸಿ. ಅಂಟದ ಕಡೆ ಪುಟ್ಟಿ ಜಾಸ್ತಿ ಇದೆ ಅಂತಲೇ ಲೆಕ್ಕ. ತೇಪೆ ಹಾಕುವ ಟಿಂಕರ್ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿ, ಆಗ ಅದು ಅಷ್ಟೇನೂ ಅಗ್ಗವಲ್ಲ.

ಗುಜರಿಯದರ ತುಕ್ಕು ಕೆಳ ಅಂಚಿಗಷ್ಟೇ ಇದ್ದರೆ ನನ್ನ ಮತ ಅದಕ್ಕೇ. ಹೆಡ್‌ಲೈಟ್ ಸುತ್ತ ತಿಂದು ಹೋಗಿದ್ದರೆ ಹೊಸದು ತನ್ನಿ.

ಬಾಗಿಲ ಕೆಳಗಿನ ಪಟ್ಟಿಯ ಮಾತೇ ಬೇರೆ. ಅದು ಬಾಡಿಯ ಭಾರ ಹೊರುತ್ತದೆ, ಅಲ್ವಾ? ಕಾರಿನ ಕೆಳಗೆ ಆಧಾರ ಕೊಡದೆ ಆ ಪಟ್ಟಿ ಕತ್ತರಿಸಿದರೆ ಬಾಡಿ ಜಗ್ಗಿ, ಆಮೇಲೆ ಬಾಗಿಲೇ ಮುಚ್ಚುವುದಿಲ್ಲ.