ಸ್ಟಾಸಿಯೋ, ಸಿರಿಯಾವೋ: ಅಧ್ಯಯನಕ್ಕೆ ಯಾವುದು?

ಭದ್ರತಾ ಸಂಸ್ಥೆಗಳು ಸರ್ವಾಧಿಕಾರವನ್ನು ಹೇಗೆ ಉಳಿಸುತ್ತವೆ ಎಂದು ಅಧ್ಯಯನ ಮಾಡುವವರಿಗೆ ನನ್ನ ಮೊದಲ ಸಲಹೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ. 1989ರಲ್ಲಿ ಅದಕ್ಕೆ ಸುಮಾರು 91,000 ಪೂರ್ಣಾವಧಿ ನೌಕರರು. ಗುಪ್ತ ಮಾಹಿತಿದಾರರು ಇನ್ನೂ ಹೆಚ್ಚು. ಶಂಕಿತರ ಮೈವಾಸನೆ ಹೀರಿದ ಬಟ್ಟೆಯನ್ನೂ ಗಾಜಿನ ಜಾಡಿಗಳಲ್ಲಿ ಕಾದಿಟ್ಟಿದ್ದರು! ವಿರೋಧ ಮೊಳೆಯುವ ಮೊದಲೇ ಸ್ನೇಹ, ಸಂಸಾರ, ಕೆಲಸ ಕೆಡಿಸಿ ಮನುಷ್ಯನನ್ನು ಒಂಟಿಯಾಗಿಸುವುದು ಅದರ ಕ್ರೂರ ಜಾಣ್ಮೆ. 1992ರಿಂದ ಸಂತ್ರಸ್ತರೇ ತಮ್ಮ ಕಡತ ಓದಬಹುದು. ಇಷ್ಟು ದಾಖಲೆ ಬೇರೆಡೆ ಸಿಗುವುದು ಕಷ್ಟ.

ಬಂದೂಕು ಹಿಡಿದವರೇ ತಿರುಗಿಬೀಳದಂತೆ ಆಳುವವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ನಿಮ್ಮ ಪ್ರಶ್ನೆಯಾದರೆ, 2024ರವರೆಗೆ ಅಸ್ಸಾದ್ ಕುಟುಂಬ ಆಳಿದ ಸಿರಿಯಾ ಆರಿಸಿ. ಅಲ್ಲಿನ ನಾಲ್ಕು ಪ್ರಮುಖ ಗುಪ್ತಚರ ಸಂಸ್ಥೆಗಳು ಜನರ ಮೇಲಷ್ಟೇ ಅಲ್ಲ, ಒಂದರ ಮೇಲೊಂದು ಕಣ್ಣಿಟ್ಟಿದ್ದವು. 1989ರ ಅಕ್ಟೋಬರ್ 9ರಂದು ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರತಿಭಟನಕಾರರ ಮೇಲೆ ಗುಂಡು ಹಾರಲಿಲ್ಲ. 2011ರಲ್ಲಿ ಸಿರಿಯಾದ ದರಾದಲ್ಲಿ ಹಾರಿತು. ಆ ವ್ಯತ್ಯಾಸದಿಂದಲೇ ಓದು ಶುರುಮಾಡಿ.